ಹುಳು ಕೊರೆದ ಅಕ್ಷರ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ಸಂಜೆ ಟೀ ಕುಡಿಯಲು ನಿಂತವರ ನಡುವೆ ಇಬ್ಬರು ಹುಡುಗರು. ಒಂದೇ ಇಯರ್‌ಫೋನಿನ ಎರಡು ತುದಿ ಇಬ್ಬರ ಕಿವಿಯಲ್ಲಿ. ಫೋನಿನಲ್ಲಿ ಓಡುತ್ತಿದ್ದದ್ದು ಹಳೇ ಕಥೆ: ಇಂಗ್ಲೆಂಡಿನ ನಾಲ್ವರ ಹಾಡಿನ ತಂಡ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1966ರಲ್ಲೇ ಕಾರು ಅಪಘಾತದಲ್ಲಿ ಸತ್ತ, ಅವನ ಹಾಗೇ ಇದ್ದ ಇನ್ನೊಬ್ಬನನ್ನು ತಂದು ಅವನ ಜಾಗದಲ್ಲಿ ನಿಲ್ಲಿಸಿದರು, ಉಳಿದ ಮೂವರು ಗುಟ್ಟು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಹಾಡಿನಲ್ಲಿ, ರೆಕಾರ್ಡಿನ ಕವರಿನಲ್ಲಿ ಸುಳಿವು ಬಿಟ್ಟರು. ವಿಡಿಯೊದಲ್ಲಿ ಒಂದು ಹಾಡಿನ ತುಣುಕನ್ನು ಉಲ್ಟಾ ಕೇಳಿಸಿದರು. "ಏನೂ ತಿಳೀಲಿಲ್ಲ ಗುರು" ಅಂದ ಒಬ್ಬ. "ತಾಳೋ ಮಗಾ, ಈಗ ಬರೆದು ತೋರಿಸ್ತಾರೆ" ಅಂದ ಇನ್ನೊಬ್ಬ. ಪರದೆಯ ಮೇಲೆ ದಪ್ಪಕ್ಷರದಲ್ಲಿ 'ಟರ್ನ್ ಮಿ ಆನ್, ಡೆಡ್ ಮ್ಯಾನ್' ಎಂದು ಮೂಡಿತು. ಅದೇ ತುಣುಕು ಮತ್ತೆ ಓಡಿತು. ಮೊದಲಿನವನ ಕಣ್ಣು ಅರಳಿತು. "ಅಯ್ಯೋ, ಹೌದಲ್ವಾ! ಹಂಗೇ ಅಂತಾವ್ನೆ!" ಪಕ್ಕದಲ್ಲಿ ಟೀ ಹೀರುತ್ತಿದ್ದ ಹಿರಿಯರೊಬ್ಬರು ಪೂರ್ತಿ ಕಥೆ ಕೇಳಿಸಿಕೊಂಡು ಕೊನೆಗೆ ಹೇಳಿದ್ದು ಒಂದೇ ಮಾತು: "ಬೆಂಕಿ ಇಲ್ದೆ ಹೊಗೆ ಆಡ್ತದೇನಪ್ಪಾ?"

ಆ ಹಿರಿಯರ ಪ್ರಶ್ನೆಗೆ ಉತ್ತರವಿದೆ, ಮುಂದೆ ಬರುತ್ತದೆ. ಬಿಡದೆ ಕಾಡುವುದು ಹುಡುಗನ ಕಣ್ಣು ಅರಳಿದ ಆ ಕ್ಷಣ. ಮೊದಲ ಸಲ ಕೇಳಿಸದೇ ಇದ್ದದ್ದು ಎರಡನೇ ಸಲ ಕೇಳಿಸಿತು. ಧ್ವನಿಯಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಾಗಿರಲಿಲ್ಲ. ನಡುವೆ ಬಂದದ್ದು ಒಂದು ಸಾಲಿನ ಬರಹ ಮಾತ್ರ. ಅವನು ಸುಳ್ಳು ಹೇಳಲಿಲ್ಲ, ಅವನಿಗೆ ನಿಜವಾಗಿಯೂ ಕೇಳಿಸಿತು. ಐವತ್ತೈದು ವರ್ಷ ದಾಟಿದರೂ ಈ ಕಥೆ ಸಾಯದೇ ಇರುವುದಕ್ಕೆ ಆ ಎರಡನೇ ಸಲವೇ ಕಾರಣ.

ಮೂರು ತಾರೀಖು

ಕಥೆ ಹಬ್ಬಿದ ದಾರಿ ತಾರೀಖಿನ ಸಮೇತ ಸಿಗುತ್ತದೆ. ಇಂಗ್ಲೆಂಡಿನಲ್ಲಿ 1967ರ ಜನವರಿಯಲ್ಲೇ ಒಂದು ಗಾಳಿಸುದ್ದಿ ಎದ್ದಿತ್ತು: ಎಂ1 ಹೆದ್ದಾರಿಯಲ್ಲಿ ಮೆಕಾರ್ಟ್ನಿ ಕಾರು ಅಪಘಾತದಲ್ಲಿ ಸತ್ತರು ಎಂದು. ಬೀಟಲ್ಸ್ ಅಭಿಮಾನಿಗಳ ಮಾಸಪತ್ರಿಕೆ ಫೆಬ್ರವರಿ ಸಂಚಿಕೆಯಲ್ಲಿ ಅದನ್ನು ಅಲ್ಲಗಳೆಯಿತು, ಸುದ್ದಿ ತಣ್ಣಗಾಯಿತು. ಮತ್ತೆ ಹೊತ್ತಿಕೊಂಡದ್ದು ಅಮೆರಿಕದಲ್ಲಿ, 1969ರ ಶರತ್ಕಾಲದಲ್ಲಿ. ಸೆಪ್ಟೆಂಬರ್ 17ರಂದು ಅಯೋವಾ ರಾಜ್ಯದ ಡ್ರೇಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ, ಕ್ಯಾಂಪಸ್ಸಿನಲ್ಲಿ ಹೀಗೊಂದು ಮಾತು ಓಡಾಡುತ್ತಿದೆ ಎಂದು ಒಂದು ಲೇಖನ ಬಂತು. ಅಕ್ಟೋಬರ್ 12ರಂದು ಡೆಟ್ರಾಯಿಟ್‌ನ ಡಬ್ಲ್ಯುಕೆಎನ್‌ಆರ್ ಎಫ್‌ಎಂ ಕೇಂದ್ರಕ್ಕೆ ಒಬ್ಬ ಕೇಳುಗ ಫೋನ್ ಮಾಡಿದ. ಹೆಸರು ಟಾಮ್ ಎಂದ. ಬೀಟಲ್ಸ್‌ನ 'ರೆವಲ್ಯೂಷನ್ 9' ಎಂಬ ತುಣುಕನ್ನು ಹಿಂದುಮುಂದಾಗಿ ತಿರುಗಿಸಿ ಎಂದು ನಿರೂಪಕ ರಸ್ ಗಿಬ್‌ಗೆ ಹೇಳಿದ. ಗಿಬ್ ತಿರುಗಿಸಿದ. ಆಮೇಲೆ ಫೋನು ನಿಲ್ಲಲಿಲ್ಲ. ಪ್ರತಿಯೊಬ್ಬ ಕೇಳುಗನ ಹತ್ತಿರವೂ ಒಂದು ಹೊಸ ಸುಳಿವು.

ಎರಡೇ ದಿನಕ್ಕೆ, ಅಕ್ಟೋಬರ್ 14ರಂದು, ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ಫ್ರೆಡ್ ಲಬೋರ್ ಎಂಬ ಹುಡುಗನ ಬರಹ ಬಂತು. ಅವನಿಗೆ ವಹಿಸಿದ್ದ ಕೆಲಸ ಆಗಷ್ಟೇ ಬಿಡುಗಡೆಯಾಗಿದ್ದ 'ಅಬ್ಬೇ ರೋಡ್' ಆಲ್ಬಮ್ಮಿನ ವಿಮರ್ಶೆ. ರೇಡಿಯೊ ಕೇಳಿದ್ದ ಅವನು ವಿಮರ್ಶೆಯ ಬದಲು ಒಂದು ಸಾವಿನ ವರದಿ ಬರೆದ. ಬದಲಿ ಮನುಷ್ಯನಿಗೆ ವಿಲಿಯಂ ಕ್ಯಾಂಬೆಲ್ ಎಂದು ಹೆಸರಿಟ್ಟವನು ಅವನೇ. ಆ ಕ್ಯಾಂಬೆಲ್ ರೂಪಹೋಲಿಕೆಯ ಸ್ಪರ್ಧೆಯಲ್ಲಿ ಗೆದ್ದವನು ಎಂದು ಕಲ್ಪಿಸಿದವನೂ ಅವನೇ. ಬೀಟಲ್ಸ್ ಹಾಡಿನಲ್ಲಿ ಬರುವ 'ವಾಲ್ರಸ್' ಎಂಬ ಪದಕ್ಕೆ ಗ್ರೀಕ್ ಭಾಷೆಯಲ್ಲಿ ಹೆಣ ಎಂಬ ಅರ್ಥ ಎಂದು ಬರೆದ. ಅದು ಗ್ರೀಕ್ ಪದವೇ ಅಲ್ಲ. ಇದೆಲ್ಲ ತನ್ನ ಕಲ್ಪನೆ ಎಂದು ಲಬೋರ್ ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿದ. ನವೆಂಬರಿನಲ್ಲಿ ಪ್ರಸಿದ್ಧ ವಕೀಲ ಎಫ್. ಲೀ ಬೈಲಿ ಟಿವಿಗಾಗಿ ಒಂದು ಅಣಕು ವಿಚಾರಣೆ ನಡೆಸಿದಾಗ, ಕ್ಯಾಮೆರಾ ಓಡುವ ಮೊದಲೇ ಬೈಲಿಗೂ ಹೇಳಿದ. ಕಾರ್ಯಕ್ರಮ ನಿಲ್ಲಲಿಲ್ಲ.

ಕೆರೆಯ ಹತ್ತಿರದ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೆಂಕಿ ಇತ್ತು. ಆದರೆ ಅದನ್ನು ಹಚ್ಚಿದವನ ಹೆಸರು, ಊರು, ತಾರೀಖು ಎಲ್ಲ ಗೊತ್ತಿದೆ, ಅವನೇ ಒಪ್ಪಿಕೊಂಡಿದ್ದಾನೆ. ಕ್ಯಾಂಬೆಲ್ ಎಂಬ ಹೆಸರು ಇವತ್ತಿನ ಎಷ್ಟೋ ವಿಡಿಯೊಗಳಲ್ಲಿ 'ಸಂಶೋಧನೆಯಿಂದ ತಿಳಿದುಬಂದ' ಹೆಸರಾಗಿ ಬರುತ್ತದೆ. ಅದು ಬಂದದ್ದು ಒಬ್ಬ ವಿದ್ಯಾರ್ಥಿಯ ತಲೆಯಿಂದ. ವಿಡಿಯೊ ಮಾಡುವವರು ಈ ಒಂದು ವಿಷಯ ಹೇಳಿದರೆ ಸಾಕು, ಅರ್ಧ ಕಥೆ ಅಲ್ಲೇ ಮುಗಿಯುತ್ತದೆ. ಹೇಳುವುದಿಲ್ಲ ಎಂಬುದೇ ನನ್ನ ಸಿಟ್ಟು.

ಉಲ್ಟಾ ಓಡಿಸಿ ನೋಡುವವರಿಗೆ

ಮಾತನ್ನು ತಿರುಗಿಸಿ ಕೇಳುವುದು ಈಗ ಯಾರಿಗೂ ಕಷ್ಟವಲ್ಲ. 1969ರಲ್ಲಿ ಟರ್ನ್‌ಟೇಬಲ್ಲಿನ ಮೋಟರ್ ಬಿಡಿಸಿ, ರೆಕಾರ್ಡನ್ನು ಬೆರಳಿನಿಂದ ಎಡಕ್ಕೆ ತಿರುಗಿಸಬೇಕಿತ್ತು. ಹಾಗೆ ಮಾಡಿದರೆ ಎರಡು ತೊಂದರೆ. ಸೂಜಿ ಹಿಡಿದಿರುವ ಸಣ್ಣ ಕಡ್ಡಿಯನ್ನು ಹಿಂದಕ್ಕೆ ಎಳೆಸಿಕೊಳ್ಳುವಂತೆ ಮಾಡಿರುತ್ತಾರೆ, ಮುಂದಕ್ಕೆ ತಳ್ಳಿದರೆ ಅದೂ ಹಾಳು, ರೆಕಾರ್ಡಿನ ಗೀರೂ ಹಾಳು. ಎರಡನೆಯದು ಇನ್ನೂ ಮುಖ್ಯ: ಬೆರಳು ಒಂದೇ ವೇಗದಲ್ಲಿ ತಿರುಗಿಸಲಾರದು. ವೇಗ ಏರಿಳಿದರೆ ಶ್ರುತಿ ಏರಿಳಿಯುತ್ತದೆ, ಅಕ್ಷರದ ಅಂಚು ಕಲಸಿಹೋಗುತ್ತದೆ. ಕಲಸಿದಷ್ಟೂ ಕಿವಿಗೆ ತನಗೆ ಬೇಕಾದದ್ದನ್ನು ತುಂಬಿಕೊಳ್ಳಲು ಜಾಗ. ಆ ಅಕ್ಟೋಬರಿನಲ್ಲಿ ಅಮೆರಿಕದ ಹಾಸ್ಟೆಲ್ಲುಗಳಲ್ಲಿ ಬೆರಳಿನಿಂದ ರೆಕಾರ್ಡು ತಿರುಗಿಸಿ ಕೇಳಿದವರು ಕೇಳಿದ್ದು ಇಂಥ ಕಲಸಿದ ಧ್ವನಿಯನ್ನೇ.

ಈಗಾದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಫೋನಿನಲ್ಲಿ ಧ್ವನಿಮುದ್ರಿಸಿದ ಫೈಲನ್ನು ಕಂಪ್ಯೂಟರಿಗೆ ಹಾಕಿ, ಆಡಾಸಿಟಿಯಲ್ಲಿ ತೆರೆದು, ಕಂಟ್ರೋಲ್ ಎ ಒತ್ತಿ ಪೂರ್ತಿ ಆಯ್ದು, ಎಫೆಕ್ಟ್ ಮೆನುವಿನ ಸ್ಪೆಷಲ್ ವಿಭಾಗದಲ್ಲಿ ರಿವರ್ಸ್ ಒತ್ತಿದರೆ ಆಯಿತು. ಹಳೇ ಆವೃತ್ತಿಗಳಲ್ಲಿ ರಿವರ್ಸ್ ನೇರ ಎಫೆಕ್ಟ್ ಮೆನುವಿನಲ್ಲೇ ಇರುತ್ತದೆ. ಅದೇ ಆಜ್ಞೆಯನ್ನು ಇನ್ನೊಮ್ಮೆ ಕೊಟ್ಟರೆ ಮಾತು ಸೀದಾ ಆಗುತ್ತದೆ. ಹಾಗೆ ಮಾಡಿ ಫೈಲು ಸರಿಯಿದೆಯೆಂದು ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು.

ಕನ್ನಡದಲ್ಲೇ ಶುರು ಮಾಡಿ. 'ಮದ್ದೂರು ವಡೆ' ಎಂದು ನಿಧಾನವಾಗಿ, ಬಿಡಿಸಿ ಹೇಳಿ ಮುದ್ರಿಸಿಕೊಳ್ಳಿ. ತಿರುಗಿಸುವಾಗ ಅಕ್ಷರ ತಿರುಗುವುದಿಲ್ಲ, ಧ್ವನಿ ತಿರುಗುತ್ತದೆ. ಕೊನೆಯ ಎ ಮೊದಲು ಬರುತ್ತದೆ, ಆಮೇಲೆ ಡ್, ಅ, ವ್, ಉ, ರ್, ಊ, ದ್, ದ್, ಅ, ಮ್. ಕೂಡಿಸಿ ಓದಿ: 'ಎಡವುರೂದ್ದಮ್'. ಕೇಳುವವರಿಗೆ ಏನೂ ಹೇಳದೆ ಇದನ್ನು ಕೇಳಿಸಿದರೆ ಯಾವುದೋ ಬೇರೆ ಭಾಷೆಯ ಗೊಣಗು. ಆದರೆ ಮೊದಲೇ "ಇದರಲ್ಲಿ 'ಎಡವು, ಊರುದ್ದ' ಅಂತ ಯಾರೋ ಎಚ್ಚರಿಸ್ತಾರೆ, ಕೇಳಿ" ಎಂದು ಹೇಳಿ ಕೇಳಿಸಿದರೆ, ಎಡವು ಎಂಬುದು ಗಂಟೆ ಹೊಡೆದ ಹಾಗೆ ಕೇಳುತ್ತದೆ. ಬೆಂಗಳೂರು ಮೈಸೂರು ರೈಲಿನಲ್ಲಿ ಮಾರುವ ತಿಂಡಿಯ ಹೆಸರಿನಲ್ಲಿ ಅಪಘಾತದ ಎಚ್ಚರಿಕೆಯನ್ನು ಯಾರೂ ಬಚ್ಚಿಟ್ಟಿಲ್ಲ. ಕನ್ನಡದ ಮಾತುಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ತಿರುಗಿಸಿದಾಗ ಸ್ವರದಿಂದ ಶುರುವಾಗುತ್ತವೆ. ಸ್ವರದಿಂದ ಶುರುವಾಗುವ ಮಾತು ನಮ್ಮಲ್ಲಿ ಬೇಕಾದಷ್ಟಿರುವುದರಿಂದ, ತಿರುಗಿದ ಕನ್ನಡದಲ್ಲಿ ಕನ್ನಡ ಸಿಕ್ಕೇ ಸಿಗುತ್ತದೆ.

ಇಂಗ್ಲಿಷಿನ ಆ ಸಾಲಿನಲ್ಲೂ ನಡೆದದ್ದು ಇದೇ. 'ರೆವಲ್ಯೂಷನ್ 9'ರಲ್ಲಿ ಒಂದು ಗಂಡಸಿನ ದನಿ 'ನಂಬರ್ ನೈನ್' ಎಂದು ಮತ್ತೆ ಮತ್ತೆ ಹೇಳುತ್ತದೆ. ತಿರುಗಿಸಿದರೆ ಮೊದಲು 'ನೈನ್' ಬರಬೇಕು: ನ್, ಇ, ಅ, ನ್, ಅಂದರೆ 'ನಿಯನ್'. ಅದು 'ಟರ್ನ್ ಮಿ ಆನ್' ಎಂಬುದರ ಕೊನೆಯ ಭಾಗ. ಆಮೇಲೆ 'ನಂಬರ್' ತಿರುಗಿ 'ಅಬ್‌ಮನ್' ಆಗುತ್ತದೆ, 'ಡೆಡ್ ಮ್ಯಾನ್' ಎಂಬುದರ ಪಕ್ಕದ ಮನೆ. ಮುಂದಿನ 'ಟರ್ನ್', 'ಡೆಡ್' ಎಲ್ಲಿಂದ ಬಂದವು? ಓದಿದ ಸಾಲಿನಿಂದ. ಇನ್ನೊಂದು ಕಾರಣವೂ ಇದೆ. ಮಾತಿನಲ್ಲಿ ಪ್, ತ್, ಕ್‌ನಂಥ ಧ್ವನಿ ತಟ್ಟನೆ ಸಿಡಿದು ನಿಧಾನಕ್ಕೆ ಆರುತ್ತದೆ. ತಿರುಗಿಸಿದರೆ ನಿಧಾನಕ್ಕೆ ಉಬ್ಬಿ ತಟ್ಟನೆ ನಿಲ್ಲುತ್ತದೆ, ಉಸಿರನ್ನು ಒಳಕ್ಕೆ ಎಳೆದುಕೊಂಡು ಮಾತಾಡಿದ ಹಾಗೆ. ಹಿಂದುಮುಂದಾದ ಮಾತು ಯಾರು ಆಡಿದರೂ ದೆವ್ವದ ಮಾತಿನಂತೆ ಕೇಳುವುದಕ್ಕೆ ಅದೇ ಕಾರಣ. ಜೊತೆಗೆ, ಬೀಟಲ್ಸ್ ನಿಜವಾಗಿಯೂ ತಿರುಗಿಸಿದ ಧ್ವನಿಯನ್ನು ಬಳಸಿದ್ದರು. 1966ರ 'ರೇನ್' ಹಾಡಿನ ಕೊನೆಯಲ್ಲಿ ತಿರುಗಿಸಿದ ದನಿಯೇ ಇದೆ. ಆದ್ದರಿಂದ ಕೇಳುಗರು ಹುಡುಕಲು ಹೊರಟದ್ದು ತಪ್ಪಲ್ಲ. ಹುಡುಕಿದ ವಿಧಾನ ತಪ್ಪು.

ಸರಿಯಾದ ವಿಧಾನಕ್ಕೆ ಐದು ಜನ ಸಾಕು. ಒಬ್ಬೊಬ್ಬರನ್ನೇ ಕರೆದು ಕೇಳಿಸಿ, ಐವರನ್ನು ಒಟ್ಟಿಗೆ ಕೂರಿಸಿದರೆ ಮೊದಲು ಬಾಯಿ ಬಿಟ್ಟವನ ಮಾತೇ ಎಲ್ಲರ ಕಿವಿಗೂ ಇಳಿಯುತ್ತದೆ. ಹಾಡಿನ ಹೆಸರು ಹೇಳಬೇಡಿ. "ಇಂಥದ್ದು ಕೇಳಿಸ್ತಾ?" ಎಂದು ಕೇಳಬೇಡಿ, "ಏನು ಕೇಳಿಸ್ತು?" ಎಂದು ಕೇಳಿ. ಕೇಳಿಸಿದ್ದನ್ನು ಅವರೇ ಕಾಗದದ ಮೇಲೆ ಬರೆಯಲಿ. ಅನುಮಾನದ ತುಣುಕಿನ ಜೊತೆ ಅಷ್ಟೇ ಉದ್ದದ ಮೂರು ಬೇರೆ ತುಣುಕುಗಳನ್ನೂ ತಿರುಗಿಸಿ ಸೇರಿಸಿ, ಒಂದು ವಾರ್ತೆಯಿಂದ, ಒಂದು ಅಡುಗೆ ವಿಡಿಯೊದಿಂದ, ಒಂದು ಬಸ್ ಸ್ಟ್ಯಾಂಡಿನ ಘೋಷಣೆಯಿಂದ. ಐದು ಚೀಟಿಯಲ್ಲೂ ಒಂದೇ ವಾಕ್ಯ ಬಂದರೆ ಆಗ ಕೂತು ಮಾತಾಡುವ ವಿಷಯವಿದೆ. ಕೆನಡಾದ ಮನಶ್ಶಾಸ್ತ್ರಜ್ಞರಾದ ವೋಕಿ ಮತ್ತು ರೀಡ್ 1985ರಲ್ಲಿ ಪ್ರಕಟಿಸಿದ ಪ್ರಯೋಗಗಳ ಸಾರ ಇದೇ: ತಿರುಗಿಸಿದ ಮಾತಿನಲ್ಲಿ ಮಾತಾಡುವವರು ಗಂಡೋ ಹೆಣ್ಣೋ ಎಂಬುದನ್ನು ಜನ ಗುರುತಿಸಬಲ್ಲರು, ಅರ್ಥವನ್ನು ಹಿಡಿಯಲಾರರು; ಆದರೆ ಇಂಥ ವಾಕ್ಯ ಇದೆ ಎಂದು ಮೊದಲೇ ಹೇಳಿಬಿಟ್ಟರೆ ಅದು ಕೇಳಿಸತೊಡಗುತ್ತದೆ. ಐದು ಜನ ಸಿಗದಿದ್ದರೆ ಒಂದು ಚಿಕ್ಕ ಉಪಾಯ: ವಿಡಿಯೊ ನೋಡುವಾಗ ಬರಹ ಬರುವ ಜಾಗಕ್ಕೆ ಹೆಬ್ಬೆರಳು ಅಡ್ಡ ಇಡಿ.

'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಹಾಡಿನ ಕೊನೆಯಲ್ಲಿ ತಂಡದ ಇನ್ನೊಬ್ಬ ಗಾಯಕ ಜಾನ್ ಲೆನನ್ 'ಪಾಲ್‌ನನ್ನು ಹೂತೆ' ಎನ್ನುತ್ತಾರೆ ಎಂಬುದು ಇನ್ನೊಂದು ದೊಡ್ಡ ಸಾಕ್ಷಿ. ಇದಕ್ಕೆ ತಿರುಗಿಸುವ ಕೆಲಸವೂ ಇಲ್ಲ. 1996ರಲ್ಲಿ ಹೊರಬಂದ ಬೀಟಲ್ಸ್ ಸಂಕಲನ ಆಂಥಾಲಜಿಯ ಎರಡನೇ ಸಂಪುಟದಲ್ಲಿ ಅದೇ ಹಾಡಿನ ಇನ್ನೊಂದು ಟೇಕ್, ಅಂದರೆ ಇನ್ನೊಂದು ಸಲದ ಮುದ್ರಣ, ಇದೆ, ಅಲ್ಲಿ ಆ ಮಾತು 'ಕ್ರ್ಯಾನ್‌ಬೆರಿ ಸಾಸ್' ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಒಂದು ಬಗೆಯ ಹುಳಿ ಹಣ್ಣಿನ ಗೊಜ್ಜು, ಅಷ್ಟೇ.

ಘುಣಾಕ್ಷರ

ಇದಕ್ಕೆಲ್ಲ ಹೊಸ ಹೆಸರು ಬೇಕಿಲ್ಲ. ಮರವನ್ನೋ ಓಲೆಗರಿಯನ್ನೋ ಕೊರೆಯುವ ಹುಳು ತನ್ನ ಪಾಡಿಗೆ ತಿನ್ನುತ್ತಾ ಹೋಗುತ್ತದೆ, ಅದು ಬಿಟ್ಟ ಜಾಡು ಅಕ್ಷರದಂತೆ ಕಾಣುತ್ತದೆ. ಹುಳುವಿಗೆ ಅಕ್ಷರ ಬಾರದು. ಇದನ್ನೇ ಘುಣಾಕ್ಷರ ನ್ಯಾಯ ಅನ್ನುತ್ತಾರೆ. ಮೈಸೂರಿನಲ್ಲಿ ಈ ಮಾತಿಗೆ ಒಂದು ತೂಕವಿದೆ. 1891ರಲ್ಲಿ ಶುರುವಾದ ಓರಿಯೆಂಟಲ್ ಲೈಬ್ರರಿಯಲ್ಲಿ, ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿದರು, 1909ರಲ್ಲಿ ಅಚ್ಚು ಮಾಡಿಸಿದರು. ಓಲೆಗರಿ ಓದುವವರ ಕೆಲಸವೇ ಕಂಟದ (ಓಲೆಯ ಮೇಲೆ ಬರೆಯುವ ಕಬ್ಬಿಣದ ಕಡ್ಡಿಯ) ಗೀರು ಯಾವುದು, ಹುಳುವಿನ ಗೀರು ಯಾವುದು ಎಂದು ಬೇರೆ ಮಾಡುವುದು. ಅದಕ್ಕೆ ಅವರು ಒಂದು ತೂತನ್ನು ದಿಟ್ಟಿಸಿ ಕೂರುವುದಿಲ್ಲ. ಮುಂದಿನ ಗರಿಯಲ್ಲೂ ಅದೇ ಜಾಗದಲ್ಲಿ ತೂತಿದೆಯೇ ನೋಡುತ್ತಾರೆ. ಹುಳು ಗರಿಗಳ ಕಟ್ಟಿನ ಮೂಲಕ ಕೊರೆಯುತ್ತದೆ, ಕಂಟ ಒಂದು ಗರಿಯ ಮೇಲೆ ಮಾತ್ರ ಬರೆಯುತ್ತದೆ. ಸಾಲಿನ ಹಿಂದುಮುಂದು ನೋಡುತ್ತಾರೆ. ಇನ್ನೊಂದು ಪ್ರತಿ ಇದ್ದರೆ ಅದರ ಜೊತೆ ಹೋಲಿಸುತ್ತಾರೆ. ಆಂಥಾಲಜಿಯ ಇನ್ನೊಂದು ಟೇಕ್ ಕೇಳಿದ್ದು ಹೀಗೆ ಪ್ರತಿ ಹೋಲಿಸಿದ್ದೇ.

'ಅಬ್ಬೇ ರೋಡ್' ಕವರನ್ನು ಹಾಗೆ ಓದಿದವರು ಕಡಿಮೆ. 1969ರ ಆಗಸ್ಟ್ 8ರ ಬೆಳಿಗ್ಗೆ, ಹನ್ನೊಂದೂವರೆಯ ಸುಮಾರಿಗೆ, ಛಾಯಾಗ್ರಾಹಕ ಇಯನ್ ಮ್ಯಾಕ್‌ಮಿಲನ್ ರಸ್ತೆಯ ನಡುವೆ ಏಣಿ ಹಾಕಿಕೊಂಡು ನಿಂತರು, ಪೊಲೀಸನೊಬ್ಬ ವಾಹನ ತಡೆದ, ಬೀಟಲ್ಸ್ ನಾಲ್ವರೂ ಸಾಲಾಗಿ ರಸ್ತೆ ದಾಟುವುದನ್ನು ಹತ್ತು ನಿಮಿಷದಲ್ಲಿ ಆರು ಚಿತ್ರ ತೆಗೆದರು. ನಾಲ್ವರ ಕಾಲೂ ಅಂದವಾಗಿ ಅಗಲಿ ನಿಂತದ್ದು ಒಂದರಲ್ಲಿ, ಅದೇ ಕವರಾಯಿತು. ಅದರಲ್ಲಿ ಮೆಕಾರ್ಟ್ನಿ ಬರಿಗಾಲಲ್ಲಿ ಇದ್ದಾರೆ, ಆದ್ದರಿಂದ ಹೆಣ. ಆದರೆ ಅದೇ ಬೆಳಿಗ್ಗೆಯ ಬೇರೆ ಚಿತ್ರಗಳಲ್ಲಿ ಅವರ ಕಾಲಲ್ಲಿ ಚಪ್ಪಲಿ ಇದೆ. ಸೆಖೆಯ ದಿನ, ನಡುವೆ ಬಿಚ್ಚಿದರು. ಬರಿಗಾಲೆಂದರೆ ಹೆಣ ಎಂಬ ಓದೇ ನಮ್ಮೂರಿನಲ್ಲಿ ನಿಲ್ಲುವುದಿಲ್ಲ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರ ಕಾಲು ನೋಡಿದವರು ಬರಿಗಾಲನ್ನು ಹರಕೆ ಎಂದು ಓದುತ್ತಾರೆ. ಲೆನನ್‌ರ ಬಿಳಿ ಬಟ್ಟೆ ಪಾದ್ರಿ, ರಿಂಗೋರ ಕಪ್ಪು ಬಟ್ಟೆ ಶವ ಸಾಗಿಸುವವನು, ಹ್ಯಾರಿಸನ್‌ರ ಡೆನಿಮ್ ಗುಂಡಿ ತೋಡುವವನು ಎಂಬುದೂ ಹಾಗೆಯೇ. ಬಣ್ಣಗಳನ್ನು ಅದಲುಬದಲು ಮಾಡಿದ್ದರೂ ಇನ್ನೊಂದು ಮೆರವಣಿಗೆ ಸಿದ್ಧವಾಗುತ್ತಿತ್ತು.

ಅದೇ ಕವರಿನಲ್ಲಿ ನಿಂತ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ನಂಬರ್ ಪ್ಲೇಟನ್ನು '28 ಇಫ್' ಎಂದು ಓದಿದರು, ಬದುಕಿದ್ದರೆ 28 ವರ್ಷ ಎಂದು. ಪ್ಲೇಟಿನಲ್ಲಿ ನಿಜಕ್ಕೂ ಇದ್ದದ್ದು 281ಎಫ್, ಒಂದು ಎಂಬ ಅಂಕಿಯನ್ನು ಐ ಎಂದು ಓದಿದ್ದು. ಮೆಕಾರ್ಟ್ನಿ ಹುಟ್ಟಿದ್ದು 1942ರ ಜೂನ್ 18, ಆಗ ಅವರಿಗೆ 27. ಲೆಕ್ಕ ತಪ್ಪಿದಾಗ ಒಂದು ತೇಪೆ ಹಾಕಿದರು: ಭಾರತದವರು ಗರ್ಭದಿಂದಲೇ ವಯಸ್ಸು ಎಣಿಸುತ್ತಾರೆ. ಇಲ್ಲಿ ನಾವು ಬಾಯಿ ಹಾಕಬಹುದು. ಗರ್ಭಾಷ್ಟಮದಲ್ಲಿ ಉಪನಯನ ಎನ್ನುವಾಗ ಹಾಗೆ ಎಣಿಸುವುದು ನಿಜ. ಆದರೆ ದಿನಬಳಕೆಯಲ್ಲಿ "27 ತುಂಬಿ 28 ನಡೀತಿದೆ" ಅನ್ನುತ್ತೇವೆ. ತುಂಬಿದ್ದು ಎಣಿಸಿದರೆ 27, ನಡೆಯುತ್ತಿರುವುದು ಎಣಿಸಿದರೆ 28, ಗರ್ಭದಿಂದ ಎಣಿಸಿದರೆ 28ರ ಹತ್ತಿರ. ಪ್ಲೇಟಿನ ಮೇಲೆ 27 ಇದ್ದಿದ್ದರೆ ತೇಪೆಯೇ ಬೇಕಿರಲಿಲ್ಲ, 28 ಇದ್ದದ್ದಕ್ಕೆ ಭಾರತ ಬಂತು. ಯಾವ ಅಂಕಿ ಬಂದಿದ್ದರೂ ಒಪ್ಪುವ ಲೆಕ್ಕದಿಂದ ಏನನ್ನೂ ಸಾಬೀತು ಮಾಡಲಾಗದು.

'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನ ಕವರಿನಲ್ಲಿರುವ ಡೋಲಿನ ಮೇಲಿನ ಬರಹದ ನಡುವೆ ಅಡ್ಡಲಾಗಿ ಕನ್ನಡಿ ಇಟ್ಟರೆ '1 ಒನ್ 1 ಎಕ್ಸ್ ಹಿ ಡೈ' ಎಂದು ಕಾಣುತ್ತದೆ. 11, ರೋಮನ್ 9, ಅವನು ಸತ್ತ: ನವೆಂಬರ್ 9. ಆದರೆ ತಿಂಗಳನ್ನು ಮುಂದೆ ಬರೆಯುವುದು ಅಮೆರಿಕದ ಪದ್ಧತಿ. ಲಂಡನ್ನಿನವರು ನಮ್ಮ ಹಾಗೆ ದಿನ ಮೊದಲು ಬರೆಯುತ್ತಾರೆ, ಅವರ ಲೆಕ್ಕಕ್ಕೆ ಅದು ಸೆಪ್ಟೆಂಬರ್ 11. ಲಂಡನ್ನಿನಲ್ಲಿ ಬಚ್ಚಿಟ್ಟ ಗುಟ್ಟು ಅಮೆರಿಕದವರ ತಾರೀಖಿನಲ್ಲಿ ಬಿಚ್ಚಿಕೊಳ್ಳುವುದು ಓದಿದವರು ಯಾರು ಎಂಬುದನ್ನು ಹೇಳುತ್ತದೆ.

1966ರ ಹಿಂದಿನ, ಮುಂದಿನ ಚಿತ್ರಗಳನ್ನಿಟ್ಟು ಮುಖ ಹೋಲಿಸುವವರಿಗೆ ಒಂದು ಮಾತು. ಫೋನನ್ನು ಮುಖದಿಂದ ಒಂದಡಿ ದೂರ ಹಿಡಿದು ಒಂದು ಚಿತ್ರ ತೆಗೆಯಿರಿ, ಆರಡಿ ದೂರದಿಂದ ಇನ್ನೊಂದು ತೆಗೆಯಿರಿ, ಆಮೇಲೆ ಮುಖ ಒಂದೇ ಅಳತೆಗೆ ಬರುವಂತೆ ಕತ್ತರಿಸಿ ಪಕ್ಕಪಕ್ಕ ಇಡಿ. ಮೊದಲನೆಯದರಲ್ಲಿ ಮೂಗು ದೊಡ್ಡದು, ಮುಖ ಕಿರಿದು, ಕಿವಿ ಹಿಂದಕ್ಕೆ ಸರಿದಿರುತ್ತದೆ. ಎರಡನೆಯದರಲ್ಲಿ ಮುಖ ಅಗಲ. ಯಾವ ದೂರದಿಂದ ತೆಗೆದದ್ದೆಂದು ಗೊತ್ತಿಲ್ಲದ ಎರಡು ಪತ್ರಿಕಾ ಚಿತ್ರಗಳ ಮೇಲೆ ಗೆರೆ ಎಳೆದು ತಲೆಬುರುಡೆ ಬೇರೆ ಎನ್ನುವುದು ಈ ಕಾರಣಕ್ಕೆ ನಿಲ್ಲುವುದಿಲ್ಲ. ಮೀಸೆಗೂ ಕಾರಣವಿತ್ತು. 1965ರ ಡಿಸೆಂಬರ್ 26ರಂದು ಮೆಕಾರ್ಟ್ನಿ ಮೊಪೆಡ್ಡಿನಿಂದ ಬಿದ್ದು ಹಲ್ಲು ಚೂರಾಗಿ, ಮೇಲ್ದುಟಿ ಸೀಳಿತ್ತು. ಆ ಗಾಯದ ಗುರುತು ಮುಚ್ಚಲು ಬೆಳೆಸಿದ ಮೀಸೆಯನ್ನೇ ಜನ ಬೇರೆ ಮನುಷ್ಯನ ಗುರುತು ಎಂದರು.

ಮೈಸೂರಿನ ಮೇಲೆಯೇ ಹೊರಿಸಿದರೆ

ನಿಜ ಸಂಗತಿಗಳಿಂದ ಸುಳ್ಳು ಕಥೆ ಎಷ್ಟು ಸಲೀಸಾಗಿ ಏಳುತ್ತದೆ ಎಂದು ತೋರಿಸಲು ಒಂದನ್ನು ಇಲ್ಲೇ ಕಟ್ಟುತ್ತೇನೆ. ಬೀಟಲ್ಸ್ ರೆಕಾರ್ಡು ಮಾಡುತ್ತಿದ್ದದ್ದು ಇಎಂಐ ಕಂಪನಿಗೆ. ಅದೇ ಇಎಂಐನ ಎಚ್‌ಎಂವಿ ಲೇಬಲ್ಲಿನಲ್ಲಿ ರಷ್ಯದ ಸಂಗೀತಗಾರ ಮೆಟ್ನರ್ ಅವರ ಕೃತಿಗಳನ್ನು 1940ರ ದಶಕದಲ್ಲಿ ಹಣ ಕೊಟ್ಟು ಧ್ವನಿಮುದ್ರಿಸಿದವರು ಮೈಸೂರು ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು ಅವರಿಗೇ ಅರ್ಪಿಸಿದರು. ರೇಡಿಯೊದಿಂದ ಹಬ್ಬಿದ ಈ ವದಂತಿ ಜನರ ಮನಸ್ಸಿನ ಆಟ; 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಲಂಡನ್ನಿನಲ್ಲಿ ಓದಿದವರು. ಬದಲಿ ಮನುಷ್ಯನಿಗೆ ದನಿ ತಿದ್ದಬೇಕಲ್ಲ? ನಮ್ಮ ವಾಕ್ ಶ್ರವಣ ಸಂಸ್ಥೆ, ಊರಿನವರ ಬಾಯಲ್ಲಿ ಸ್ಪೀಚ್ ಅಂಡ್ ಹಿಯರಿಂಗ್, ಶುರುವಾದದ್ದು 1960ರ ದಶಕದ ನಡುವಿನಲ್ಲಿ. 1968ರ ಫೆಬ್ರವರಿಯಲ್ಲಿ 'ಪಾಲ್' ಭಾರತಕ್ಕೆ ಬಂದು ಋಷಿಕೇಶದಲ್ಲಿ ಕೆಲವು ವಾರ ಇದ್ದದ್ದೂ ನಿಜ.

ಇದರಲ್ಲಿ ಒಂದೊಂದು ಸಂಗತಿಯೂ ಸತ್ಯ, ಪೂರ್ತಿ ಕಥೆ ಶುದ್ಧ ಸುಳ್ಳು. ಸುಳ್ಳು ಇರುವುದು ಸಂಗತಿಗಳ ನಡುವಿನ ಜಾಗದಲ್ಲಿ, ಒಂದರಿಂದ ಇನ್ನೊಂದಕ್ಕೆ ಹಾರುವಾಗ. ಬರೆಯಲು ಹಿಡಿದದ್ದು ಅರ್ಧ ಗಂಟೆ. ಮಡಿಕೇರಿಯವರು, ಧಾರವಾಡದವರು ಕೂತರೂ ತಮ್ಮೂರಿಗೆ ಒಂದು ಇಂಥ ಕಥೆ ಹೊಸೆಯಬಹುದು. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ನಡುವೆ ಏನಿದೆ ಎಂದು ಕೇಳದಿದ್ದರೆ ಎಲ್ಲ ಕಾಗೆಗಳೂ ಹಣ್ಣು ಉದುರಿಸಿದ ಹಾಗೇ ಕಾಣುತ್ತದೆ.

ಆ ನವೆಂಬರ್ 9

ಸತ್ತರು ಎನ್ನಲಾದ ಆ ವಾರ ಮೆಕಾರ್ಟ್ನಿ ಎಲ್ಲಿದ್ದರು? 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟಿಕೆಟ್ ಇಟ್ಟು ನಡೆಸಿದ ಕೊನೆಯ ಸಂಗೀತ ಕಛೇರಿ ಮುಗಿಸಿ ಬೀಟಲ್ಸ್ ಊರೂರು ಸುತ್ತುವುದನ್ನು ನಿಲ್ಲಿಸಿದ್ದರು. ನವೆಂಬರಿನ ಮೊದಲ ವಾರ ಮೆಕಾರ್ಟ್ನಿ ಒಬ್ಬರೇ ಕಾರು ತೆಗೆದುಕೊಂಡು ಫ್ರಾನ್ಸಿಗೆ ಹೋದರು. ಜನ ಗುರುತು ಹಿಡಿಯದಿರಲೆಂದು ಅಂಟು ಮೀಸೆ ಹಾಕಿ, ವೇಷ ಬದಲಿಸಿದ್ದರು. ಬೋರ್ಡೋ ಪಟ್ಟಣದಲ್ಲಿ ತಂಡದ ಸಹಾಯಕ ಮಾಲ್ ಇವಾನ್ಸ್ ಜೊತೆಯಾದರು, ಅಲ್ಲಿಂದ ಇಬ್ಬರೂ ಕೀನ್ಯಾಗೆ ಹೋಗಿ, ನವೆಂಬರ್ 19ರಂದು ಲಂಡನ್ನಿಗೆ ಮರಳಿದರು. ಮರಳುವ ವಿಮಾನದಲ್ಲಿ ಅವರಿಗೆ ಹೊಳೆದದ್ದು: ನಾವು ಬೀಟಲ್ಸ್ ಅಲ್ಲ, ಬೇರೆ ಒಂದು ವಾದ್ಯಗೋಷ್ಠಿ ಎಂದುಕೊಂಡು ಒಂದು ಆಲ್ಬಮ್ ಮಾಡಿದರೆ? ಅದೇ 'ಸಾರ್ಜೆಂಟ್ ಪೆಪ್ಪರ್'.

ಆ ನವೆಂಬರಿನಲ್ಲಿ ಒಬ್ಬ ಬದಲಿ ಮನುಷ್ಯ ಇದ್ದದ್ದು ನಿಜ. ಇಪ್ಪತ್ನಾಲ್ಕರ ಹುಡುಗ, ಎಲ್ಲಿ ಹೋದರೂ ಕಿರುಚುವ ಜನರಿಂದ ಬೇಸತ್ತು, ಸುಳ್ಳು ಮೀಸೆ ಅಂಟಿಸಿಕೊಂಡು ಫ್ರಾನ್ಸಿನ ರಸ್ತೆಯಲ್ಲಿ ಯಾರೋ ಆಗಿ ಓಡಾಡಿದ. ಆ ಹುಡುಗನೇ ಮುಂದೆ 'ಹೇ ಜೂಡ್' ಬರೆದ, 'ಬ್ಲ್ಯಾಕ್‌ಬರ್ಡ್' ಬರೆದ, 'ಲೆಟ್ ಇಟ್ ಬಿ' ಬರೆದ. ಸ್ಪರ್ಧೆಯಲ್ಲಿ ಗೆದ್ದ ಒಬ್ಬ ಡೂಪ್ ಎಡಗೈಯಲ್ಲಿ ಬೇಸ್ ಗಿಟಾರ್ ನುಡಿಸಲು ಕಲಿಯಬಹುದು, ದನಿಯನ್ನೂ ಅನುಕರಿಸಬಹುದು. ಈ ಹಾಡುಗಳನ್ನು ಎಲ್ಲಿಂದ ತರುತ್ತಾನೆ? ತರಬಲ್ಲವನಾಗಿದ್ದರೆ ಇನ್ನೊಬ್ಬನ ಹೆಸರಿನಲ್ಲಿ ಯಾಕೆ ಬದುಕುತ್ತಾನೆ? ಸುಳಿವು ಹುಡುಕುವವರು ಹಾಡಿನ ಕವರನ್ನು ಕನ್ನಡಿಯಲ್ಲಿ ನೋಡಿದರು, ಹಾಡನ್ನು ತಿರುಗಿಸಿ ನೋಡಿದರು. ಸೀದಾ ಕೇಳಿದ್ದರೆ ಆ ಹಾಡುಗಳೇ ಸಾಕ್ಷಿ ಹೇಳುತ್ತಿದ್ದವು.

ಬಕೆಟ್ಟಿನ ನೀರು

ಬದುಕಿರುವವನಿಗೆ ಬದುಕಿದ್ದೇನೆ ಎಂದು ತೋರಿಸಬೇಕಾದ ಸ್ಥಿತಿ ಬಂದದ್ದನ್ನು ನೆನೆದರೆ ಸಂಕಟವಾಗುತ್ತದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡುವುದು ನಮಗೆಲ್ಲ ಗೊತ್ತು, ಸರದಿಯಲ್ಲಿ ನಿಂತ ಆ ಮುಖಗಳಲ್ಲಿರುವ ಮುಜುಗರವೂ ಗೊತ್ತು. 1969ರ ಆ ದಿನಗಳಲ್ಲಿ ಮೆಕಾರ್ಟ್ನಿ ಹೆಂಡತಿ ಲಿಂಡಾ, ಮಗಳು ಹೆದರ್, ಆಗಸ್ಟಿನಲ್ಲಿ ಹುಟ್ಟಿದ್ದ ಕೂಸು ಮೇರಿಯ ಜೊತೆ ಸ್ಕಾಟ್ಲೆಂಡಿನ ಕ್ಯಾಂಬೆಲ್‌ಟೌನ್ ಹತ್ತಿರದ ತಮ್ಮ ತೋಟದಲ್ಲಿದ್ದರು. (ಊರಿನ ಹೆಸರೂ ಕ್ಯಾಂಬೆಲ್. ಇದನ್ನೂ ಸುಳಿವು ಎಂದುಕೊಳ್ಳುವವರು ಇರುತ್ತಾರೆ.) ಅಮೆರಿಕದ ಲೈಫ್ ಪತ್ರಿಕೆಯವರು ಕೆಸರು ತುಳಿದುಕೊಂಡು ಆ ತೋಟಕ್ಕೆ ಬಂದರು. ಕೇಳದೆ ಮನೆ ಬಾಗಿಲಿಗೆ ಬಂದವರ ಮೇಲೆ ಮೆಕಾರ್ಟ್ನಿ ಸಿಟ್ಟಿನಿಂದ ಬಕೆಟ್ಟಿನ ನೀರು ಎರಚಿದರು. ಕ್ಯಾಮೆರಾ ಅದನ್ನು ಸೆರೆಹಿಡಿಯಿತು. ಅವರು ಹೊರಟುಹೋದ ಮೇಲೆ ಆ ಚಿತ್ರ ಅಚ್ಚಾದರೆ ಹೇಗೆ ಕಾಣುತ್ತದೆ ಎಂದು ಹೊಳೆದು, ಬೆನ್ನಟ್ಟಿ ಹೋಗಿ ಒಂದು ಒಪ್ಪಂದ ಮಾಡಿಕೊಂಡರು: ಆ ಫಿಲ್ಮ್ ಕೊಡಿ, ಸಂದರ್ಶನ ಕೊಡುತ್ತೇನೆ, ಮನೆಯವರ ಜೊತೆ ಚಿತ್ರವನ್ನೂ ತೆಗೆಯಿರಿ.

ಆ ಸಂದರ್ಶನದಲ್ಲಿ ಮೆಕಾರ್ಟ್ನಿ ಸಾವಿನ ಸುದ್ದಿಯನ್ನು ಅಲ್ಲಗಳೆದರು, ಸುಳಿವುಗಳಿಗೆ ಒಂದೊಂದಾಗಿ ಉತ್ತರ ಕೊಟ್ಟರು. ಅದರ ನಡುವೆ ಇನ್ನೊಂದು ಮಾತೂ ಹೇಳಿದರು: ಬೀಟಲ್ಸ್ ಅನ್ನುವುದು ಮುಗಿಯಿತು ಎಂದು. ಅದು ನಿಜವಾದ ಗುಟ್ಟು. ಡ್ರೇಕ್ ವಿದ್ಯಾರ್ಥಿ ಪತ್ರಿಕೆಯ ಲೇಖನ ಬಂದ ಮೂರೇ ದಿನಕ್ಕೆ, ಸೆಪ್ಟೆಂಬರ್ 20ರಂದು, ಲೆನನ್ ತಾನು ತಂಡ ಬಿಡುತ್ತೇನೆ ಎಂದು ಒಳಗಿನವರಿಗೆ ಹೇಳಿದ್ದರು. ಹೊರಗೆ ಹೇಳದೆ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು. ಅಮೆರಿಕದ ಹುಡುಗರು ಬೆರಳಿನಿಂದ ರೆಕಾರ್ಡು ತಿರುಗಿಸುತ್ತಿದ್ದ ಆ ವಾರಗಳಲ್ಲಿ ನಾಲ್ವರೂ ಒಂದು ಸಾವನ್ನು ಬಚ್ಚಿಟ್ಟಿದ್ದು ಹೌದು, ಅದು ತಂಡದ ಸಾವು.

ಲೈಫ್‌ನ ಆ ಸಂಚಿಕೆ ನವೆಂಬರ್ 7ರಂದು ಬಂತು. ಮುಖಪುಟದಲ್ಲಿ ಕುಟುಂಬದ ಚಿತ್ರ, 'ಪಾಲ್ ಇನ್ನೂ ನಮ್ಮ ಜೊತೆ ಇದ್ದಾರೆ' ಎಂಬ ಅರ್ಥದ ಸಾಲು. ಮುಖಪುಟದ ಬೆನ್ನಿಗೆ ಒಂದು ಕಾರಿನ ಜಾಹೀರಾತು ಇತ್ತು. ಹಾಳೆಯನ್ನು ಬೆಳಕಿಗೆ ಹಿಡಿದರೆ ಕಾರು ಪಾಲ್ ಮೈಮೇಲೆ ಬಿದ್ದ ಹಾಗೆ ಕಾಣುತ್ತದೆ ಎಂದು ಕೆಲವರು ಅದನ್ನೂ ಸುಳಿವುಗಳ ಪಟ್ಟಿಗೆ ಸೇರಿಸಿದರು. ತಂಡ ಮುಗಿಯಿತು ಎಂದು ಒಳಪುಟದ ಸಂದರ್ಶನದಲ್ಲಿದ್ದ ಸಾಲಿಗೆ ಕನ್ನಡಿ ಬೇಕಿರಲಿಲ್ಲ, ದೀಪ ಬೇಕಿರಲಿಲ್ಲ. ಬೀಟಲ್ಸ್ ಮುಗಿಯಿತು ಎಂದು ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿದ್ದು 1970ರ ಏಪ್ರಿಲ್ 10ರಂದು, ಐದು ತಿಂಗಳ ಮೇಲೆ.